ಶಾಲೆಯ ಮಸೂರ, ಅಡುಗೆಮನೆಯ ಚನ್ನಂಗಿ

ತಿಪಟೂರಿನ ನಮ್ಮ ಕನ್ನಡಕದ ಅಂಗಡಿಯಲ್ಲಿ 'ಮಸೂರ' ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಬಂದವರು 'ಗ್ಲಾಸು' ಅನ್ನುತ್ತಾರೆ. ಗಾಜಿನದಾಗಲಿ, ಈಗ ಬರುವ ಪ್ಲಾಸ್ಟಿಕ್ಕಿನದಾಗಲಿ, ಗ್ಲಾಸೇ. ಸ್ವಲ್ಪ ಓದಿಕೊಂಡವರು 'ಲೆನ್ಸ್' ಅನ್ನುತ್ತಾರೆ. ಬೆಂಗಳೂರಿನಿಂದ ಮಾಲು ಕಳಿಸುವವರೂ ಬಿಲ್ಲಿನಲ್ಲಿ ಅದನ್ನೇ ಬರೆಯುತ್ತಾರೆ. 'ಮಸೂರ' ಇರುವುದು ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ: ಪೀನ ಮಸೂರ, ನಿಮ್ನ ಮಸೂರ, ಮಸೂರದ ಸಾಮರ್ಥ್ಯ. ಪರೀಕ್ಷೆ ಮುಗಿದ ಮೇಲೆ ಅದರ ಗೊಡವೆ ಯಾರಿಗೂ ಬೇಡ.

ನಮ್ಮ ಅಣ್ಣನ ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಬೆಳಕಿನ ಪಾಠ ಓದುತ್ತಾ, ಇದಕ್ಕೂ ಸೋನಾ ಮಸೂರಿ ಅಕ್ಕಿಗೂ ಏನು ಸಂಬಂಧ ಅಂತ ಕೇಳಿದಳು. ಏನೂ ಇಲ್ಲ. ಆ ಅಕ್ಕಿಯ ಹೆಸರು ಮಲೇಷ್ಯಾದ ಮಹ್ಸೂರಿ ಅನ್ನುವ ಭತ್ತದ ತಳಿಯಿಂದ ಬಂದದ್ದು. ನಿನ್ನ ಪುಸ್ತಕದ ಮಸೂರ ನಿಮ್ಮಮ್ಮ ಸಾರು ಮಾಡುವ ಚನ್ನಂಗಿ ಬೇಳೆ ಕಣೇ ಅಂದೆ. ಅವಳು ನಂಬಲಿಲ್ಲ. ಚಿಕ್ಕಪ್ಪನಿಗೆ ತಮಾಷೆ ಮಾಡುವ ಚಟ ಅಂತ ಮನೆಯಲ್ಲೆಲ್ಲ ಹೆಸರಾಗಿದೆ. ಡಬ್ಬದಿಂದ ಕಾಳು ತೆಗೆದು ತೋರಿಸಬೇಕಾಯಿತು.

ನೀವೂ ಒಮ್ಮೆ ನೋಡಿ. ಒಡೆದ ಬೇಳೆ ಬೇಡ, ಸಿಪ್ಪೆಯಿರುವ ಇಡೀ ಕಾಳು ತೆಗೆದುಕೊಳ್ಳಿ. ಕಂದು ಬಣ್ಣ, ದುಂಡಗಿನ ಬಿಲ್ಲೆ. ಎರಡು ಕಡೆಯೂ ಮೆತ್ತಗೆ ಉಬ್ಬಿರುತ್ತದೆ, ಸುತ್ತಲಿನ ಅಂಚು ತೆಳ್ಳಗೆ ಹರಿತವಾಗಿರುತ್ತದೆ. ಗ್ಲಾಸಿನ ದಪ್ಪ ಅಳೆಯಲು ಅಂಗಡಿಯಲ್ಲಿ ಒಂದು ಕ್ಯಾಲಿಪರ್ ಇದೆ. ಅದರ ಬಾಯಿಗೆ ಒಂದು ಕಾಳು ಕೊಟ್ಟು ನೋಡಿದ್ದೇನೆ: ಅಡ್ಡಗಲ ಐದು ಮಿಲಿಮೀಟರ್ ಆಸುಪಾಸು, ನಡು ದಪ್ಪ ಅದರ ಅರ್ಧದಷ್ಟು. ಪುಸ್ತಕದಲ್ಲಿ ಪೀನ ಮಸೂರ ಅಂತ ಬರೆದಿರುವ ಚಿತ್ರ ಇದೇ. ಸಿಪ್ಪೆ ತೆಗೆದು ಎರಡು ಹೋಳು ಮಾಡಿದರೆ ಕೇಸರಿ ಬಣ್ಣದ ಬೇಳೆ. ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಅದಕ್ಕೂ ನಮ್ಮ ಕಸುಬಿನಲ್ಲಿ ಹೆಸರಿದೆ: ಪ್ಲೇನೋ ಕಾನ್ವೆಕ್ಸ್.

ಇಂಗ್ಲಿಷಿನ 'ಲೆನ್ಸ್' ಅಪ್ಪಟ ಲ್ಯಾಟಿನ್ ಪದ, ಒಂದಕ್ಷರವೂ ಬದಲಾಗದೆ ಬಂದಿದೆ. ಲ್ಯಾಟಿನ್ನಿನಲ್ಲಿ 'ಲೆನ್ಸ್' ಅಂದರೆ ಈ ಕಾಳೇ, ಬೇರೇನೂ ಅಲ್ಲ. ರೋಮಿನವನು ಅಂಗಡಿಗೆ ಹೋಗಿ ಲೆನ್ಸ್ ಕೊಡಿ ಅಂದರೆ ಅಂಗಡಿಯವನು ಸೇರಿನಲ್ಲಿ ಅಳೆದು ಕೊಡುತ್ತಿದ್ದ. ಕಾಳುಕಡಿ ಅವರಿಗೆ ಎಷ್ಟು ಹತ್ತಿರ ಅಂದರೆ ದೊಡ್ಡ ಮನೆತನಗಳ ಹೆಸರೂ ಅದರಿಂದಲೇ ಬಂದವು ಅಂತ ಪ್ಲಿನಿ ಅನ್ನುವ ರೋಮಿನ ಲೇಖಕ ಬರೆದಿದ್ದಾನೆ: ಮಸೂರದಿಂದ ಲೆಂಟುಲಸ್, ಕಡಲೆಯಿಂದ ಸಿಸೆರೋ. ಸಸ್ಯಶಾಸ್ತ್ರದವರು ಈಗಲೂ ಗಿಡವನ್ನು ಲೆನ್ಸ್ ಕ್ಯುಲಿನಾರಿಸ್ ಅನ್ನುತ್ತಾರೆ, ಅಡುಗೆಯ ಲೆನ್ಸ್. ಆ ಹೆಸರಿಟ್ಟವನು ಮೆಡಿಕುಸ್ ಅನ್ನುವ ಜರ್ಮನ್ನ, 1787ರಲ್ಲಿ. ನಾನು ಮಾರುವುದನ್ನು ಕನ್ನಡಕದ ಲೆನ್ಸ್ ಅಂತ ಬೇರೆ ಮಾಡಿ ಹೇಳಬೇಕಾದರೆ ಅದನ್ನು ಅಡುಗೆಯದು ಅಂತ ಗುರುತಿಸಿದ್ದು ನ್ಯಾಯವೇ ಆಯಿತು.

ಕಾಳಿನ ಹೆಸರು ಗಾಜಿಗೆ ಹೋದದ್ದು ಹೇಗೆ? ಉಬ್ಬುಗಾಜು ಹಳೆಯದು. ಬಿಸಿಲು ಹಿಡಿದು ಬೆಂಕಿ ಹೊತ್ತಿಸುವ ಗಾಜು ಅಂಗಡಿಯಲ್ಲಿ ಸಿಗುತ್ತದೆ ಅಂತ ಕ್ರಿ.ಪೂ. 423ರ ಗ್ರೀಕ್ ನಾಟಕವೊಂದರಲ್ಲೇ ಮಾತು ಬರುತ್ತದೆ. ಆದರೆ ಅದನ್ನು ಮೂಗಿನ ಮೇಲೆ ಕೂರಿಸಲು ಮತ್ತೆ ಸಾವಿರದ ಏಳುನೂರು ವರ್ಷ ಬೇಕಾಯಿತು. 1267ರಲ್ಲಿ ರೋಜರ್ ಬೇಕನ್ ಅನ್ನುವ ಪಾದ್ರಿ, ಮುದುಕರು ಅಕ್ಷರದ ಮೇಲೆ ಇಂಥ ಗಾಜಿಟ್ಟರೆ ದೊಡ್ಡದಾಗಿ ಕಾಣುತ್ತದೆ ಅಂತ ಬರೆದ. ಅವನ ಕೈಯಲ್ಲಿ ವಸ್ತು ಇತ್ತು, ಹೆಸರು ಇರಲಿಲ್ಲ. 'ಗೋಳದ ಒಂದು ತುಂಡು' ಅಂತ ಸುತ್ತಿ ಬಳಸಿ ಹೇಳುತ್ತಾನೆ. ಹದಿಮೂರನೇ ಶತಮಾನ ಮುಗಿಯುವ ಹೊತ್ತಿಗೆ ಇಟಲಿಯಲ್ಲಿ ಕನ್ನಡಕ ಹುಟ್ಟಿತು. 1306ರಲ್ಲಿ ಜೋರ್ದಾನೋ ಎಂಬ ಪಾದ್ರಿ ಫ್ಲಾರೆನ್ಸಿನಲ್ಲಿ ಉಪದೇಶ ಮಾಡುತ್ತಾ, ಈ ಕಲೆ ಕಂಡುಹಿಡಿದು ಇನ್ನೂ ಇಪ್ಪತ್ತು ವರ್ಷವಾಗಿಲ್ಲ, ಮೊದಲು ಮಾಡಿದವನನ್ನು ನಾನೇ ನೋಡಿ ಮಾತಾಡಿಸಿದ್ದೇನೆ ಅಂದ. ಹೆಸರು ಮಾತ್ರ ಹೇಳಲಿಲ್ಲ. ನನ್ನ ಕಸುಬಿನ ಮೂಲಪುರುಷನನ್ನು ಕಣ್ಣಾರೆ ಕಂಡ ಒಬ್ಬೇ ಒಬ್ಬ ಸಾಕ್ಷಿ ಹೀಗೆ ಮಾಡಬಾರದಿತ್ತು.

ಆ ಮೊದಲ ಕನ್ನಡಕಗಳೆಲ್ಲ ಓದುವ ಕನ್ನಡಕಗಳು, ಅಂದರೆ ಪ್ಲಸ್ ಪವರಿನವು. ನಲವತ್ತು ದಾಟಿದವರಿಗೆ ಬೇಕಾದದ್ದು. ನಮ್ಮ ಹಿರಿಯರು ಕನ್ನಡಕವನ್ನೇ 'ಚಾಳೀಸು' ಅನ್ನುತ್ತಿದ್ದದ್ದು ಅದಕ್ಕೇ, ಹಿಂದಿಯ ನಲವತ್ತು. ಎರಡು ಕಡೆ ಉಬ್ಬಿದ ದುಂಡು ಗಾಜಿನ ಚೂರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ ಇಟಲಿಯವನಿಗೆ ದಿನಾ ಉಣ್ಣುವ ಕಾಳು ನೆನಪಾಗದೆ ಇನ್ನೇನಾಗುತ್ತದೆ? ಮುಂದೆ ವಿದ್ವಾಂಸರ ಲ್ಯಾಟಿನ್ ಪುಸ್ತಕಗಳಿಗೂ ಅದೇ ಹೆಸರು ಹತ್ತಿತು. ಹದಿನೇಳನೇ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲಿಷಿಗೂ ಬಂತು. ಅಲ್ಲಿಯವರೆಗೆ ಇಂಗ್ಲಿಷರೂ ನಮ್ಮ ಗಿರಾಕಿಗಳ ಹಾಗೆ 'ಗ್ಲಾಸ್' ಅಂತಲೇ ಅನ್ನುತ್ತಿದ್ದರು.

ಇಂಗ್ಲಿಷಿನಲ್ಲಿ ಒಂದು ಮೋಜು ನಡೆದಿದೆ. ಅದೇ ಲ್ಯಾಟಿನ್ ಪದ ಅಲ್ಲಿಗೆ ಎರಡು ಬಾರಿ ಬಂದಿದೆ. ಮೊದಲು ಫ್ರೆಂಚರ ಅಡುಗೆಮನೆ ಹಾದು 'ಲೆಂಟಿಲ್' ಆಗಿ, ಬೇಳೆಯಾಗಿ. ನಾಲ್ಕು ನೂರು ವರ್ಷದ ಮೇಲೆ ವಿದ್ವಾಂಸರ ಲ್ಯಾಟಿನ್‌ನಿಂದ ನೇರವಾಗಿ 'ಲೆನ್ಸ್' ಆಗಿ, ಗಾಜಾಗಿ. ಒಂದೇ ಮನೆಯ ಇಬ್ಬರು ಒಂದೇ ಊರಿನಲ್ಲಿದ್ದೂ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಇಂಗ್ಲಿಷ್ ಮನೆಮಾತಿನವರಿಗೂ ಇದು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಫ್ರೆಂಚರಿಗೆ, ಜರ್ಮನರಿಗೆ ಆ ತೊಂದರೆ ಇಲ್ಲ. ಜರ್ಮನ್ನಿನ 'ಲಿನ್ಸ' ಬೇಳೆಯೂ ಹೌದು, ಮಸೂರವೂ ಹೌದು. ಫ್ರಾನ್ಸಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡವರು ದಿನಾ ಬೆಳಗ್ಗೆ ಕಣ್ಣಿಗೆ ಬೇಳೆ ಇಟ್ಟುಕೊಳ್ಳುತ್ತಾರೆ, ಅವರ ಮಾತಿನಲ್ಲಿ ಎರಡಕ್ಕೂ ಒಂದೇ ಪದ. ಅರಬ್ಬಿಯಲ್ಲೂ 'ಅದಸ್' ಬೇಳೆ, 'ಅದಸ' ಮಸೂರ.

ಕನ್ನಡದಲ್ಲೂ ಹಾಗೇ ಇರಬೇಕಿತ್ತು. ಪದ ಕಟ್ಟಿದವರು ಒಳ್ಳೆಯ ಕೆಲಸವನ್ನೇ ಮಾಡಿದ್ದರು. ತೆಲುಗಿನವರು ಲೆನ್ಸಿಗೆ 'ಕಟಕಂ' ಅನ್ನುತ್ತಾರೆ, ಮರಾಠಿಯವರು 'ಭಿಂಗ'. ಅವುಗಳಲ್ಲಿ ಬೇಳೆ ಇಲ್ಲ. ನಮ್ಮದರಲ್ಲಿ ಇದೆ. ಆದರೆ ತುಮಕೂರು, ಹಾಸನ, ಮೈಸೂರು ಕಡೆ ಬೇಳೆಗೆ ಚನ್ನಂಗಿ ಅನ್ನುತ್ತೇವೆ. ಹೀಗಾಗಿ ಪುಸ್ತಕದ ಮಸೂರ ಅಡುಗೆಮನೆಯ ಡಬ್ಬಕ್ಕೆ ಎದುರಾಗುವುದೇ ಇಲ್ಲ. ಮಸೂರ ಬ್ಯಾಳಿ ಅಂತಲೇ ಕೇಳಿ ತರುವ ಉತ್ತರದ ಕಡೆಯ ಮಕ್ಕಳಿಗೆ ಇದು ಹೊಳೆಯುವುದು ಸುಲಭ. ಉಳಿದ ಕಡೆ ಮೇಷ್ಟ್ರು ಜೇಬಿನಲ್ಲಿ ನಾಲ್ಕು ಕಾಳು ಇಟ್ಟುಕೊಂಡು ಹೋದರೆ ಅರ್ಧ ಪಾಠ ಮುಗಿದಂತೆ. ನನ್ನ ಗಿರಾಕಿಗಳಲ್ಲಿ ವಿಜ್ಞಾನದ ಮೇಡಂ, ಮೇಷ್ಟ್ರು ಯಾರು ಬಂದರೂ ಇದನ್ನು ಹೇಳದೆ ಕಳಿಸುವುದಿಲ್ಲ. ಬಿಲ್ಲಿನಲ್ಲಿ ಸೇರಿಸುವುದಿಲ್ಲ ಅಷ್ಟೆ.

ಈಗ ಸುಶ್ರುತನ ವಿಷಯ. ಲೆನ್ಸಿಗೆ ಮಸೂರ ಅನ್ನುವುದು ಯುರೋಪಿನ ನಕಲು ಅಂತ ಮೂಗು ಮುರಿಯುವವರಿಗಾಗಿ ಇದನ್ನು ಇಟ್ಟುಕೊಂಡಿದ್ದೇನೆ. ಸುಶ್ರುತ ಸಂಹಿತೆಯ ಉತ್ತರತಂತ್ರದ ಏಳನೇ ಅಧ್ಯಾಯದಲ್ಲಿ ಕಣ್ಣಿನ 'ದೃಷ್ಟಿ' ಅನ್ನುವ ಭಾಗವನ್ನು ಬಣ್ಣಿಸುತ್ತಾ 'ಮಸೂರದಲಮಾತ್ರಾಂ ತು ಪಂಚಭೂತಪ್ರಸಾದಜಾಂ' ಅನ್ನುತ್ತಾನೆ. ಮಸೂರದ ಒಂದು ಹೋಳಿನಷ್ಟು ಗಾತ್ರ, ಪಂಚಭೂತಗಳ ತಿಳಿಯಿಂದ ಆದದ್ದು, ಮಿಂಚುಹುಳದ ಹಾಗೆ, ಕಿಡಿಯ ಹಾಗೆ ಹೊಳೆಯುವುದು. ಈ 'ದೃಷ್ಟಿ' ಕಣ್ಣಪಾಪೆಯೋ ಒಳಗಿನ ಮಸೂರವೋ ಅಂತ ಪಂಡಿತರು ಇನ್ನೂ ಜಗ್ಗಾಡುತ್ತಾರೆ. ನನಗನ್ನಿಸುವುದು, ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಕಡೆ ಕಾಣುತ್ತವೆ, ಬೇರೆ ಮಾಡಿ ಹೇಳುವ ಅಗತ್ಯ ಅವನಿಗೆ ಬಿದ್ದಿರಲಿಕ್ಕಿಲ್ಲ. ಅತ್ತ ಗ್ರೀಕ್ ವೈದ್ಯರೂ ಕಣ್ಣಿನೊಳಗಿನ ಆ ಹರಳನ್ನು 'ಫಾಕೋಸ್' ಆಕಾರದ್ದು ಅಂತ ಕರೆದಿದ್ದರು. ಫಾಕೋಸ್ ಅಂದರೆ, ನೀವು ಊಹಿಸಿದ ಹಾಗೆ, ಇದೇ ಬೇಳೆ. ಕನ್ನಡದಲ್ಲಿ ಪದ ಕಟ್ಟುವವರು ಯಾವ ದಿಕ್ಕಿಗೆ ಕೈ ಚಾಚಿದರೂ ಸಿಗುತ್ತಿದ್ದದ್ದು ಒಂದೇ ಕಾಳು.

ಕಣ್ಣಪಾಪೆ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿನ 'ಪ್ಯೂಪಿಲ್' ಬಂದದ್ದು ಲ್ಯಾಟಿನ್ನಿನ 'ಪುಪಿಲ್ಲಾ'ದಿಂದ, ಪುಟ್ಟ ಗೊಂಬೆ ಅಂತ ಅರ್ಥ. ಎದುರಿನವರ ಕಣ್ಣಿನ ಕಪ್ಪಿನಲ್ಲಿ ನಮ್ಮ ಪ್ರತಿಬಿಂಬ ಗೊಂಬೆಯಷ್ಟಾಗಿ ಕಾಣುತ್ತದೆ, ಅದಕ್ಕೆ. ಕನ್ನಡದ ಪಾಪೆಗೂ ಗೊಂಬೆ ಅಂತಲೇ ಅರ್ಥ. ಸಂಸ್ಕೃತದ ಕನೀನಿಕೆಯೂ ಪುಟ್ಟ ಹುಡುಗಿಯೇ. ಇದನ್ನು ಯಾರೂ ಯಾರಿಂದಲೂ ನಕಲು ಮಾಡಬೇಕಾಗಿರಲಿಲ್ಲ. ಎದುರು ಕೂತು ಕಣ್ಣು ನೋಡಿದರೆ ಸಾಕಿತ್ತು. ನಾನು ದಿನಾ ಪಿ.ಡಿ. ಅಳೆಯುವಾಗ, ಅಂದರೆ ಒಂದು ಪಾಪೆಯಿಂದ ಇನ್ನೊಂದು ಪಾಪೆಗೆ ಎಷ್ಟು ದೂರ ಅಂತ ಸ್ಕೇಲು ಹಿಡಿದಾಗ, ಗಿರಾಕಿಯ ಎರಡೂ ಕಣ್ಣಿನಲ್ಲಿ ಸ್ಕೇಲು ಹಿಡಿದ ಎರಡು ಗೊಂಬೆ ಕೂತಿರುತ್ತವೆ.

ಮಸೂರಕ್ಕೆ ಬರೋಣ. ಹೆಸರು ಸರಿಯಾಗಿ ಕೂತದ್ದು ಉಬ್ಬುಗಾಜಿಗೆ ಮಾತ್ರ. ಹದಿನೈದನೇ ಶತಮಾನದಲ್ಲಿ ಇಟಲಿಯವರು ದೂರ ಕಾಣದವರಿಗಾಗಿ ನಡುವೆ ತಗ್ಗಿರುವ ಗಾಜನ್ನೂ ಮಾಡಿದರು. ಪೋಪ್ ಹತ್ತನೇ ಲಿಯೋಗೆ ದೂರದ್ದು ಕಾಣುತ್ತಿರಲಿಲ್ಲ. ಚಿತ್ರಕಾರ ರಾಫೆಲ್ ಬರೆದ ಅವನ ಚಿತ್ರದಲ್ಲಿ ಅಂಥದೊಂದು ಗಾಜು ಕೈಯಲ್ಲಿದೆ. ಅದು ಬೇಳೆಯ ಹಾಗಿಲ್ಲವೇ ಇಲ್ಲ, ಬೇಳೆಗೆ ಪೂರಾ ವಿರುದ್ಧ. ಆದರೂ ಹೆಸರು ಅದಕ್ಕೂ ಹಬ್ಬಿತು. ನಿಮ್ನ ಮಸೂರ ಅಂದರೆ ಹೊಟ್ಟೆ ಒಳಕ್ಕೆ ಹೋದ ಬೇಳೆ. ಹುಳ ಹಿಡಿದ ಡಬ್ಬದಲ್ಲಿ ಮಾತ್ರ ಸಿಗಬಹುದು. ನಮ್ಮ ತಂದೆಯವರಿಗೆ ಈ ತಾಪತ್ರಯವೇ ಇರಲಿಲ್ಲ. ಅವರು 'ಉಬ್ಬು', 'ತಗ್ಗು' ಅನ್ನುತ್ತಿದ್ದರು, ಮುಗಿಯಿತು. ಪವರ್ ಗೊತ್ತಿಲ್ಲದ ಹಳೆ ಕನ್ನಡಕ ಯಾರಾದರೂ ತಂದರೆ ಗೋಡೆಯ ಕ್ಯಾಲೆಂಡರಿನ ಗೀಟನ್ನು ಅದರ ಮೂಲಕ ನೋಡುತ್ತಾ ಕೈ ಆಡಿಸುತ್ತಿದ್ದರು. ಗ್ಲಾಸು ಬಲಕ್ಕೆ ಹೋದಾಗ ಗೀಟು ಎಡಕ್ಕೆ ಓಡಿದರೆ ಉಬ್ಬು, ಜೊತೆಯಲ್ಲೇ ಬಲಕ್ಕೆ ಬಂದರೆ ತಗ್ಗು. ಆಮೇಲೆ ಟ್ರಯಲ್ ಬಾಕ್ಸಿನಿಂದ, ಅಂದರೆ ನಂಬರು ಗೊತ್ತಿರುವ ಗ್ಲಾಸುಗಳ ಪೆಟ್ಟಿಗೆಯಿಂದ, ಎದುರು ಪವರಿನದನ್ನು ತೆಗೆದು ಅದಕ್ಕೆ ಒತ್ತಿ ಹಿಡಿಯುತ್ತಿದ್ದರು. ಗೀಟು ಓಡುವುದು ನಿಂತರೆ ನಂಬರು ಸಿಕ್ಕಂತೆ. ಈಗ ಮೆಷಿನ್ನಿಗೆ ಇಟ್ಟರೆ ನಂಬರು ಅಚ್ಚಾಗಿ ಬರುತ್ತದೆ. ಕರೆಂಟು ಹೋದಾಗ ನಾನೂ ಕ್ಯಾಲೆಂಡರನ್ನೇ ನೋಡುತ್ತೇನೆ.

ಕಣ್ಣಿನೊಳಗಿನ ಬೇಳೆಯ ಕಥೆ ಗಾಜಿನದಕ್ಕಿಂತ ಗೋಜಲು. ಬಹಳ ಕಾಲ ನೋಟ ನಡೆಯುವುದೇ ಆ ಹರಳಿನಲ್ಲಿ ಅಂತ ಯುರೋಪಿನ, ಅರಬ್ಬರ ವೈದ್ಯರು ನಂಬಿದ್ದರು. 1604ರಲ್ಲಿ ಕೆಪ್ಲರ್ ಎಂಬ ಜರ್ಮನ್ ಖಗೋಳವಿಜ್ಞಾನಿ, ಅದು ಬರೀ ಬೆಳಕನ್ನು ಬಗ್ಗಿಸುವ ಮಸೂರ, ಚಿತ್ರ ಮೂಡುವುದು ಹಿಂದಿನ ಅಕ್ಷಿಪಟಲದ ಮೇಲೆ, ಅದೂ ತಲೆಕೆಳಗಾಗಿ ಅಂತ ತೋರಿಸಿದ. 'ಫೋಕಸ್' ಅನ್ನುವ ಪದವನ್ನು ಈ ಶಾಸ್ತ್ರಕ್ಕೆ ತಂದವನೂ ಅವನೇ. ಲ್ಯಾಟಿನ್ನಿನಲ್ಲಿ ಅದಕ್ಕೆ ಒಲೆ ಅಂತ ಅರ್ಥ. ಬೇಳೆ ಬಂದ ಮೇಲೆ ಒಲೆ ಬರಲೇಬೇಕಲ್ಲ.

ಪೊರೆಯ ವಿಷಯದಲ್ಲೂ ಹಾಗೇ. ಸುಶ್ರುತನ ಕಾಲದಿಂದಲೂ ಪೊರೆ ಬಂದ ಕಣ್ಣಿಗೆ ಶಲಾಕೆ ಚುಚ್ಚಿ, ಬೆಳ್ಳಗಾದದ್ದನ್ನು ಪಕ್ಕಕ್ಕೆ ತಳ್ಳಿ ದಾರಿ ಬಿಡಿಸುತ್ತಿದ್ದರು. ಆ ಶಲಾಕೆಯ ತುದಿ ಜವೆಗೋಧಿಯ ಕಾಳಿನ ಆಕಾರ, ಯವವಕ್ತ್ರ. ಯುರೋಪಿನವರು ಅದು ಪಾಪೆಯ ಹಿಂದೆ ಇಳಿದು ಹೆಪ್ಪುಗಟ್ಟಿದ ನೀರು ಅಂದುಕೊಂಡು, ಧುಮ್ಮಿಕ್ಕುವ ನೀರಿನ ಹೆಸರಿಟ್ಟು 'ಕ್ಯಾಟರ್ಯಾಕ್ಟ್' ಅಂದರು. ಅದು ನೀರೂ ಅಲ್ಲ, ಬೇರೆ ಪೊರೆಯೂ ಅಲ್ಲ, ಮಸೂರವೇ ಮಂಜಾದದ್ದು ಅಂತ ಬ್ರಿಸ್ಸೋ ಎಂಬ ಫ್ರೆಂಚ್ ವೈದ್ಯ ಸತ್ತ ಸೈನಿಕನ ಕಣ್ಣು ಕೊಯ್ದು ನೋಡಿ ಹೇಳಿದ್ದು 1705ರಲ್ಲಿ. 1747ರಲ್ಲಿ ದಾವಿಯೆಲ್ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯ ಅದನ್ನು ಹೊರಕ್ಕೇ ತೆಗೆದ.

ತೆಗೆದರೆ ಮುಗಿಯಿತೇ? ಒಳಗಿನ ಮಸೂರಕ್ಕೆ ಹೆಚ್ಚುಕಡಿಮೆ ಇಪ್ಪತ್ತು ಡಯಾಪ್ಟರ್ ಪವರ್ ಇರುತ್ತದೆ. ಅದು ಹೋದರೆ ಎಲ್ಲವೂ ಮಸುಕು. ಅದನ್ನು ಹೊರಗಿನ ಗ್ಲಾಸಿನಲ್ಲಿ ತುಂಬಿಕೊಡಬೇಕು. ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಯಲ್ಲಿ ಕಣ್ಣಿನ ಕ್ಯಾಂಪ್ ನಡೆಸುತ್ತಿದ್ದ ಕಾಲವನ್ನು ಕಂಡವರಿಗೆ ಈ ಸೋಡಾಬುಡ್ಡಿ ಗ್ಲಾಸು ನೆನಪಿರುತ್ತದೆ. ಪ್ಲಸ್ ಹತ್ತು, ಪ್ಲಸ್ ಹನ್ನೊಂದು. ಹಾಕಿಕೊಂಡವರ ಕಣ್ಣು ಎದುರಿನವರಿಗೆ ಇಷ್ಟಗಲ ಕಾಣುತ್ತಿತ್ತು. ಅವರಿಗೋ ಎಲ್ಲವೂ ಸುಮಾರು ಕಾಲು ಭಾಗ ದೊಡ್ಡದು, ಬಾಗಿಲ ಚೌಕಟ್ಟು ಡೊಂಕು, ಪಕ್ಕದಿಂದ ಬಂದ ಮನುಷ್ಯ ಇದ್ದಕ್ಕಿದ್ದಂತೆ ಎದುರಿಗೆ ಹಾರಿದ ಹಾಗೆ. ನಮ್ಮಜ್ಜ ಆ ಗ್ಲಾಸು ಹಾಕಿಕೊಂಡು ಲೋಟಕ್ಕೆ ನೀರು ಸುರಿದರೆ ಅರ್ಧ ನೆಲಕ್ಕೆ. ಅಷ್ಟಾದರೂ ಕಾಣುತ್ತದಲ್ಲ ಅಂತ ಅದನ್ನು ಮಗ್ಗುಲಲ್ಲೇ ಇಟ್ಟುಕೊಂಡು ಮಲಗುತ್ತಿದ್ದರು. ಈ ಸ್ಥಿತಿಗೆ ವೈದ್ಯರು ಬರೆಯುವ ಹೆಸರು 'ಎಫೇಕಿಯಾ'. ಅದೇ ಗ್ರೀಕ್ ಫಾಕೋಸ್, ಮುಂದೆ ಒಂದು ನಕಾರ: ಬೇಳೆ ಇಲ್ಲದಿರುವಿಕೆ.

ಆ ಗ್ಲಾಸಿನ ವ್ಯಾಪಾರ ಈಗ ನಿಂತೇಹೋಗಿದೆ, ನಿಂತದ್ದು ಒಳ್ಳೆಯದೇ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲಿಷ್ ವೈದ್ಯ ನೋಡಿದ್ದ. ಆ ಚೂರಿಗೆ ಕಣ್ಣು ಕೆಂಪಾಗದೆ ಸುಮ್ಮನಿತ್ತು. ಹಾಗಾದರೆ ಅದರಲ್ಲೇ ಮಸೂರ ಮಾಡಿ ಒಳಗಿಟ್ಟರೆ ಅಂತ 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಇಟ್ಟೇಬಿಟ್ಟ. ಈಗ ಇಡುವುದರ ನಡುಭಾಗದ ಅಡ್ಡಗಲ ಆರು ಮಿಲಿಮೀಟರ್, ನಮ್ಮ ಕ್ಯಾಲಿಪರಿಗೆ ಸಿಕ್ಕ ಚನ್ನಂಗಿ ಕಾಳಿಗೆ ಹತ್ತಿರ ಹತ್ತಿರ. ಮಡಚಿ ಒಳಗೆ ಬಿಟ್ಟರೆ ತಾನೇ ಬಿಚ್ಚಿಕೊಳ್ಳುತ್ತದೆ.

ಹಳೆಯದನ್ನು ತೆಗೆಯುವ ಬಗೆಗೆ ಜನ 'ಲೇಸರ್' ಅನ್ನುತ್ತಾರೆ. ಹೆಚ್ಚಿನ ಪಾಲು ಅದು ಲೇಸರ್ ಅಲ್ಲ, ಫೇಕೋ. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ಎಂಬ ಅಮೆರಿಕದ ವೈದ್ಯ ಶುರುಮಾಡಿದ್ದು. ಹಲ್ಲು ಕ್ಲೀನ್ ಮಾಡಿಸಲು ಹೋದಾಗ ಅಲ್ಲಿನ ಸದ್ದಿನ ಅಲೆಯ ಉಪಕರಣ ನೋಡಿ ಅವನಿಗೆ ಹೊಳೆಯಿತಂತೆ. ಎರಡೂವರೆ ಮಿಲಿಮೀಟರಿನಷ್ಟು ಗಾಯದಲ್ಲಿ ಸೂಜಿ ಬಿಟ್ಟು, ಮಂಜಾದ ಮಸೂರವನ್ನು ಅದುರಿಸಿ ಕರಗಿಸಿ ಹೀರಿಕೊಳ್ಳುವುದು. ಪೂರ್ತಿ ಹೆಸರು 'ಫೇಕೋ ಎಮಲ್ಸಿಫಿಕೇಶನ್'. ಮೊದಲರ್ಧ ಗ್ರೀಕಿನ ಬೇಳೆ, ಉಳಿದರ್ಧದಲ್ಲಿ ಲ್ಯಾಟಿನ್ನಿನ ಹಾಲು ಕರೆಯುವ ಪದ. ಕನ್ನಡದಲ್ಲಿ ಇಷ್ಟು ತಿಣುಕಬೇಕಿಲ್ಲ: ಬೇಳೆ ಕಡೆಯುವುದು.

ಕೊಬ್ಬರಿ ಹರಾಜಿನ ದಿನ ಸುತ್ತಲ ಹಳ್ಳಿಯವರು ಪೇಟೆಗೆ ಬರುತ್ತಾರೆ, ಅವತ್ತು ಅಂಗಡಿಯಲ್ಲಿ ಜನ ಜಾಸ್ತಿ. ಆಪರೇಷನ್ ಆದವರು ಓದುವ ಗ್ಲಾಸಿಗೆ ಚೀಟಿ ತರುತ್ತಾರೆ. ಮೊನ್ನೆ ಒಬ್ಬರು ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಚೀಟಿಯ ಮೇಲೆ ದೊಡ್ಡದಾಗಿ 'ಸೂಡೋಫೇಕಿಯಾ' ಅಂತ ಬರೆದಿತ್ತು. ಬದಲಿ ಮಸೂರ ಹಾಕಿಸಿಕೊಂಡ ಕಣ್ಣಿಗೆಲ್ಲ ಹಾಗೇ ಬರೆಯುತ್ತಾರೆ. ಅಜ್ಜಿಗೆ ಓದಲು ಬರುವುದಿಲ್ಲ, ಮೊಮ್ಮಗನಿಗೆ ಓದಿಯೂ ಅರ್ಥವಾಗಿರಲಿಲ್ಲ. ಇಬ್ಬರೂ ಏನೋ ಹೊಸ ಕಾಯಿಲೆ ಅಂದುಕೊಂಡು ಹೆದರಿದ್ದರು.

"ಅದೇನಪ್ಪ ಬರ್ದವ್ರೆ ಅದ್ರಲ್ಲಿ?"

"ಕಾಯಿಲೆ ಅಲ್ಲ ಅಜ್ಜಿ. ಕಣ್ಣೊಳಗೆ ಹಳೇ ಬೇಳೆ ತೆಗ್ದು ಡೂಪ್ಲಿಕೇಟ್ ಬೇಳೆ ಹಾಕವ್ರೆ ಅಂತ ಬರ್ದವ್ರೆ, ಅಷ್ಟೇಯ."

ಅಜ್ಜಿ ನಗಲಿಲ್ಲ. ಮೊಮ್ಮಗನ ಕಡೆ ತಿರುಗಿದರು.

"ಕೇಳುಸ್ಕಂಡ್ಯೇನ್ಲಾ? ಅಷ್ಟು ದುಡ್ಡು ಇಸ್ಕಂಡು ಡೂಪ್ಲಿಕೇಟ್ ಹಾಕವ್ರಂತೆ."